ಉಬುಂಟುವಿನಲ್ಲಿ ಫೋಲ್ಡರ್ ಬಚ್ಚಿಡೋದು: ಚುಕ್ಕೆ ಇಟ್ಟರೆ ಸಾಕಾ?

ಪ್ರಶ್ನೆ (ಗದಗ, ಝೆರಾಕ್ಸ್ ಅಂಗಡಿ):
ಸರ್, ನಮಸ್ಕಾರ. ಅಂಗಡಿಯ ಹಳೇ ಕಂಪ್ಯೂಟರ್‌ಗೆ ವಿಂಡೋಸ್ ಬದಲು ಉಬುಂಟು 22.04 ಹಾಕಿಸಿದ್ದೇನೆ. ಅದರಲ್ಲಿ ಎರಡು ಫೋಲ್ಡರ್ ಇವೆ. ಒಂದು ನನ್ನ ಉದ್ರಿ ಲೆಕ್ಕ. ಇನ್ನೊಂದರಲ್ಲಿ ಗಿರಾಕಿಗಳ ಆಧಾರ್, ಉತಾರ, ಪಾಸ್‌ಬುಕ್ ಸ್ಕ್ಯಾನ್. ಮಧ್ಯಾಹ್ನ ನಾನು ಊಟಕ್ಕೆ ಹೋದಾಗ ಕೆಲಸದ ಹುಡುಗ ಕೂತಿರುತ್ತಾನೆ. ಅವನು ಒಳ್ಳೆಯವನೇ, ಆದರೆ ಅವನ ಗೆಳೆಯರು ಬಂದು ಸುಮ್ನೆ ಮೌಸ್ ಆಡಿಸುತ್ತಾರೆ. ವಿಂಡೋಸ್‌ನಲ್ಲಿ ಪ್ರಾಪರ್ಟೀಸ್‌ಗೆ ಹೋಗಿ ಹಿಡನ್ ಅಂತ ಟಿಕ್ ಮಾಡುತ್ತಿದ್ದೆ. ಇಲ್ಲಿ ಆ ಟಿಕ್ಕೇ ಇಲ್ಲವಲ್ಲ?

ಉತ್ತರ (ಹುಬ್ಬಳ್ಳಿ, ಕಂಪ್ಯೂಟರ್ ರಿಪೇರಿ):
ನಮಸ್ಕಾರ ರೀ. ಟಿಕ್ ಇಲ್ಲ, ಹೆಸರಲ್ಲೇ ಕೆಲಸ ಮುಗಿಯುತ್ತದೆ. ಫೋಲ್ಡರ್ ಆರಿಸಿ ಎಫ್2 ಒತ್ತಿ. ಹೆಸರಿನ ಮುಂದೆ ಒಂದು ಚುಕ್ಕೆ ಹಾಕಿ, ಎಂಟರ್ ಹೊಡೆಯಿರಿ. ಮಾಯ. ಮತ್ತೆ ನೋಡಬೇಕು ಅಂದರೆ ಕಂಟ್ರೋಲ್ ಮತ್ತು ಎಚ್ ಒಟ್ಟಿಗೆ ಒತ್ತಿ. ಅದನ್ನೇ ಇನ್ನೊಮ್ಮೆ ಒತ್ತಿದರೆ ಮರೆಯಾಗುತ್ತದೆ.

ಈ ಚುಕ್ಕೆಯ ಕಥೆ ಮಜವಾಗಿದೆ. ಪ್ರತಿ ಫೋಲ್ಡರ್ ಒಳಗೂ ಒಂದು ಚುಕ್ಕೆ, ಎರಡು ಚುಕ್ಕೆ ಅನ್ನೋ ಎರಡು ನಮೂದು ಇರುತ್ತವೆ. ಒಂದು ಅಂದರೆ ಇದೇ ಫೋಲ್ಡರ್, ಎರಡು ಅಂದರೆ ಇದರ ಮೇಲಿನದು. ಉಬುಂಟುವಿನಂಥವಕ್ಕೆಲ್ಲ ಮೂಲ ಮಾದರಿಯಾದ ಯೂನಿಕ್ಸ್‌ನ ಮೊದಲ ದಿನಗಳಲ್ಲಿ ಪಟ್ಟಿ ತೋರಿಸುವಾಗ ಇವೆರಡನ್ನೂ ಕೈಬಿಡಲು, ಹೆಸರಿನ ಮೊದಲ ಅಕ್ಷರ ಚುಕ್ಕೆಯಾ ಅಂತ ಮಾತ್ರ ನೋಡಿದರು. ಹಾಗಾಗಿ ಚುಕ್ಕೆಯಿಂದ ಶುರುವಾಗೋ ಹೆಸರೆಲ್ಲ ಮರೆಗೆ ಹೋಯಿತು. ಯೂನಿಕ್ಸ್ ಹುಟ್ಟಿದ ಬೆಲ್ ಲ್ಯಾಬ್ಸ್‌ನಲ್ಲಿದ್ದ ರಾಬ್ ಪೈಕ್ 2012ರಲ್ಲಿ ಇದನ್ನು ಬರೆದು, ಇದು ಬೇಕಂತ ಮಾಡಿದ್ದಲ್ಲ, ಎಡವಟ್ಟು ಅಂದರು.

ಹೆಸರು ಬದಲಿಸೋಕೆ ಇಷ್ಟವಿಲ್ಲದಿದ್ದರೆ ಇನ್ನೊಂದು ದಾರಿ ಇದೆ. ಆ ಜಾಗದಲ್ಲೇ ಒಂದು ಖಾಲಿ ಟೆಕ್ಸ್ಟ್ ಫೈಲ್ ಮಾಡಿ. ಮೊದಲು ಚುಕ್ಕೆ, ಆಮೇಲೆ ಇಂಗ್ಲಿಷಿನಲ್ಲಿ ಹಿಡನ್, ಇದೇ ಅದರ ಪೂರ್ತಿ ಹೆಸರು. ಕೊನೆಗೆ ಟಿಎಕ್ಸ್‌ಟಿ ಅಂತ ಬಾಲ ಬೇಡ. ಅದರೊಳಗೆ ಸಾಲಿಗೊಂದರಂತೆ ಫೋಲ್ಡರ್ ಹೆಸರು ಬರೆದು ಉಳಿಸಿ, ಎಫ್5 ಒತ್ತಿ. ಆದರೆ ಟರ್ಮಿನಲ್, ಅಂದರೆ ಆದೇಶ ಟೈಪ್ ಮಾಡೋ ಕಿಟಕಿ, ಈ ಪಟ್ಟಿಗೆ ಕ್ಯಾರೇ ಅನ್ನಲ್ಲ, ಎಲ್ಲ ತೋರಿಸುತ್ತದೆ.

ಈಗ ನಿಮ್ಮ ವಿಷಯಕ್ಕೆ ಬರ್ತೀನಿ. ಇದು ರೊಟ್ಟಿ ಬುಟ್ಟಿಗೆ ಬಟ್ಟೆ ಮುಚ್ಚಿದ ಹಾಗೆ. ನೊಣ ಕೂರಲ್ಲ, ಅಷ್ಟೇ. ಕಂಟ್ರೋಲ್, ಎಚ್ ಅನ್ನೋ ಆ ಎರಡು ಗುಂಡಿ ಗೊತ್ತಿರೋ ಹುಡುಗ ಒಬ್ಬ ಬಂದರೆ ಮುಗೀತು. ಗುಂಡಿ ಗೊತ್ತಿಲ್ಲದವನೂ ಲಿಬ್ರೆ ಆಫೀಸ್ ತೆರೆದರೆ ಸಾಕು, ನೀವು ಈಚೆಗೆ ನೋಡಿದ ಉದ್ರಿ ಲೆಕ್ಕ ಚಿತ್ರದ ಸಮೇತ ಮುಂದೆ ಬಂದು ಕೂರುತ್ತದೆ. ಉದ್ರಿ ಲೆಕ್ಕ ಹೇಗೋ ನಡೆಯುತ್ತದೆ. ಗಿರಾಕಿಗಳ ಆಧಾರ್ ಇದರ ಮೇಲೆ ಬಿಡಬೇಡಿ. ಕೆಲಸ ಮುಗಿದ ಸ್ಕ್ಯಾನ್ ಅಳಿಸಿಬಿಡಿ, ಅದನ್ನು ಯಾಕೆ ಇಟ್ಟುಕೊಳ್ಳಬೇಕು?

ಸೆಟ್ಟಿಂಗ್ಸ್‌ನಲ್ಲಿ ಯೂಸರ್ಸ್ ಅಂತ ಇದೆ. ಅಲ್ಲಿ ಹುಡುಗನಿಗೆ ಬೇರೆ ಖಾತೆ ತೆರೆಯಿರಿ. ಅಡ್ಮಿನಿಸ್ಟ್ರೇಟರ್ ಗುಂಡಿ ಆಫ್ ಇರಲಿ. ಅದು ಆನ್ ಇದ್ದರೆ ಅವನು ಎಲ್ಲಿ ಬೇಕಾದರೂ ನುಗ್ಗಬಹುದು. ಉಬುಂಟು 21.04ರಿಂದ ಹೊಸದಾಗಿ ತೆರೆದ ಖಾತೆಯ ಹೋಮ್ ಫೋಲ್ಡರನ್ನು ಬೇರೆ ಬಳಕೆದಾರರು ತೆರೆಯೋಕಾಗಲ್ಲ. ಅದಕ್ಕೂ ಹಳೇ ಆವೃತ್ತಿಯಿಂದ ಅಪ್‌ಗ್ರೇಡ್ ಮಾಡಿಸಿದ್ದರೆ ಮಾತ್ರ ಹಳೇ ಸಡಿಲ ಹಾಗೇ ಉಳಿದಿರುತ್ತದೆ. ಆಗ ನಿಮ್ಮ ಹೋಮ್ ಫೋಲ್ಡರಿನ ಪ್ರಾಪರ್ಟೀಸ್‌ಗೆ ಹೋಗಿ, ಪರ್ಮಿಶನ್ಸ್‌ನಲ್ಲಿ ಅದರ್ಸ್ ಮುಂದೆ ಇಂಗ್ಲಿಷಿನ ನನ್ (None) ಅಂತ ಆರಿಸಿ.

ಕಂಪ್ಯೂಟರೇ ಕಳುವಾದರೆ ಇದೂ ನಿಲ್ಲಲ್ಲ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಡಿಸ್ಕ್ ಪೂರ್ತಿ ಓದಬಹುದು. ಅದಕ್ಕೆ ಎನ್‌ಕ್ರಿಪ್ಶನ್ನೇ ಆಗಬೇಕು, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಡಿಸ್ಕಿಗೇ ಬೀಗ, ಮುಂದಿನ ಸಲ ಇನ್‌ಸ್ಟಾಲ್ ಮಾಡಿಸುವಾಗ ಕೇಳಿ ಹಾಕಿಸಿಕೊಳ್ಳಿ.

ಪ್ರತಿಕ್ರಿಯೆ (ಹಾವೇರಿ, ಶಿಕ್ಷಕಿ):
ಸರ್, ನಂದೊಂದು ಸಣ್ಣ ಪ್ರಶ್ನೆ. ಶಾಲೆಯಲ್ಲಿ ಉಬುಂಟು ಇದೆ. ನನ್ನ 8 ಜಿಬಿ ಪೆನ್‌ಡ್ರೈವ್‌ನಲ್ಲಿ ಎಲ್ಲ ಅಳಿಸಿದ್ದೇನೆ. ತೆರೆದರೆ ಖಾಲಿ, ಆದರೆ ಏನಾದರೂ ಹಾಕೋಕೆ ಹೋದರೆ ಜಾಗ ಇಲ್ಲ ಅನ್ನುತ್ತದೆ. ವೈರಸ್ಸಾ?

ಉತ್ತರ:
ಅಲ್ಲ ಮೇಡಂ, ಇದೂ ಚುಕ್ಕೆಯದೇ ಆಟ. ಪೆನ್‌ಡ್ರೈವ್ ತೆರೆದು ಕಂಟ್ರೋಲ್, ಎಚ್ ಒತ್ತಿ. ಚುಕ್ಕೆ, ಟ್ರ್ಯಾಶ್, ಅಡ್ಡಗೆರೆ, 1000 ಅಂತ ಒಂದು ಫೋಲ್ಡರ್ ಕಾಣುತ್ತದೆ. 1000 ಅನ್ನೋದು ಉಬುಂಟುವಿನ ಮೊದಲ ಬಳಕೆದಾರನ ನಂಬರ್. ನೀವು ಅಳಿಸಿದ್ದೆಲ್ಲ ಅದರಲ್ಲೇ ಕೂತಿದೆ. ಬೇಡವಾದರೆ ಆ ಫೋಲ್ಡರನ್ನೇ ಶಿಫ್ಟ್ ಹಿಡಿದು ಡಿಲೀಟ್ ಮಾಡಿ, ಜಾಗ ವಾಪಸ್ ಬರುತ್ತದೆ.

ನಾನೂ ಈ ಚುಕ್ಕೆಯಿಂದ ಪೆಟ್ಟು ತಿಂದವನೇ. ಒಬ್ಬ ಗಿರಾಕಿಯ ಕಂಪ್ಯೂಟರ್ ಫಾರ್ಮ್ಯಾಟ್ ಮಾಡುವ ಮೊದಲು ಹೋಮ್ ಒಳಗೆ ಹೋಗಿ ಕಂಟ್ರೋಲ್ ಎ ಒತ್ತಿ ಕಾಪಿ ಮಾಡಿಕೊಂಡೆ. ಕಾಣದೇ ಇದ್ದದ್ದು ಕಾಪಿಗೆ ಬರಲೇ ಇಲ್ಲ. ಥಂಡರ್‌ಬರ್ಡ್‌ನ ಮೇಲ್ ಪೂರ್ತಿ ಚುಕ್ಕೆ ಫೋಲ್ಡರಿನಲ್ಲಿತ್ತು, ಹೋಯಿತು. ಅವತ್ತಿನಿಂದ ಮೊದಲು ಎಚ್ ಒತ್ತಿ, ಆಮೇಲೆ ಎ ಒತ್ತುತ್ತೇನೆ.

ಪ್ರಶ್ನೆ ಕೇಳಿದವರು:
ಹುಡುಗನಿಗೆ ಬೇರೆ ಖಾತೆ ಮಾಡಿದೆ ಸರ್. ಅವನ ಖಾತೆಯಿಂದಲೂ ಪ್ರಿಂಟರ್ ಓಡುತ್ತಾ? ಲೆಕ್ಕದ ಫೋಲ್ಡರ್ ಪೆನ್‌ಡ್ರೈವ್‌ಗೆ ಹಾಕಿ ಮನೆಯ ವಿಂಡೋಸ್‌ನಲ್ಲಿ ತೆರೆದರೆ ಅಲ್ಲೂ ಅಡಗಿರುತ್ತಾ?

ಉತ್ತರ:
ಪ್ರಿಂಟರ್ ಓಡುತ್ತದೆ, ಒಂದು ಸಲ ಜೋಡಿಸಿದರೆ ಎಲ್ಲ ಖಾತೆಗೂ ಅದೇ. ವಿಂಡೋಸ್ ಮಾತ್ರ ಚುಕ್ಕೆಗೆ ಬೆಲೆ ಕೊಡಲ್ಲ, ಫೋಲ್ಡರ್ ಎದ್ದು ಕಾಣುತ್ತದೆ. ಇನ್ನೊಂದು, ಊಟಕ್ಕೆ ಏಳುವಾಗ ವಿಂಡೋಸ್ ಚಿಹ್ನೆಯ ಗುಂಡಿ ಹಿಡಿದು ಎಲ್ ಒತ್ತಿ ಏಳಿ. ನಿಮ್ಮ ಖಾತೆ ತೆರೆದಿಟ್ಟು ಹೋದರೆ ಹುಡುಗನಿಗೆ ಬೇರೆ ಖಾತೆ ಯಾಕೆ ಬೇಕಿತ್ತು, ಅಲ್ವಾ?