ಸಹಾಯ ಬೇಕು: ರೆಟ್ ಸಿಂಡ್ರೋಮಿನಲ್ಲಿ ಗ್ಲಿಯಲ್ ಕೋಶಗಳು ಮೂಲ ಕಾರಣವೋ, ಪೂರಕ ಕಾರಣವೋ?

ಮಿದುಳಿನ ಬೆಳವಣಿಗೆಯ ತೊಂದರೆಗಳಲ್ಲಿ ಗ್ಲಿಯಲ್ ಕೋಶಗಳ (ಗ್ಲಿಯಾ, ಅಂದರೆ ನ್ಯೂರಾನು ಎಂಬ ನರಕೋಶಗಳಿಗೆ ಬೆಂಬಲ ಕೊಡುವ ಕೋಶಗಳು) ಪಾತ್ರದ ಬಗ್ಗೆ ಸೆಮಿನಾರ್ ಸಿದ್ಧಪಡಿಸುತ್ತಿರುವ ನಾನು ಒಂದೇ ಕಡೆ ಹಲವು ದಿನಗಳಿಂದ ಸಿಕ್ಕಿಬಿದ್ದಿದ್ದೇನೆ.

ಈ ಕೋಶಗಳ ಬಗೆಗಳಲ್ಲಿ ಆಸ್ಟ್ರೋಸೈಟುಗಳು ಸಿನಾಪ್ಸಿನ (ನ್ಯೂರಾನುಗಳು ಸಂದೇಶ ದಾಟಿಸುವ ಜಾಗ) ಬಳಿ ಉಳಿದ ಗ್ಲುಟಮೇಟ್ ಎಂಬ ಸಂದೇಶವಾಹಕ ರಾಸಾಯನಿಕವನ್ನು ಹೀರಿಕೊಳ್ಳುತ್ತವೆ, ಮೈಕ್ರೋಗ್ಲಿಯಾಗಳು ಬೇಡವಾದ ಸಿನಾಪ್ಸುಗಳನ್ನು ಕತ್ತರಿಸುತ್ತವೆ, ಆಲಿಗೋಡೆಂಡ್ರೋಸೈಟುಗಳು ನರತಂತುಗಳಿಗೆ ಮಯಲಿನ್ ಎಂಬ ಕವಚ ಹೊದಿಸುತ್ತವೆ ಎಂಬಲ್ಲಿಯವರೆಗೆ ಗೊಂದಲವಿಲ್ಲ. ಮಿದುಳಿನ ಅಪರೂಪದ ರೋಗವಾದ ಅಲೆಕ್ಸಾಂಡರ್ ಕಾಯಿಲೆಯೂ ಸ್ಪಷ್ಟವಾಗಿದೆ. ಅಲ್ಲಿ ದೋಷವಿರುವ ಜಿಎಫ್‌ಎಪಿ ಜೀನ್ ಮುಖ್ಯವಾಗಿ ಆಸ್ಟ್ರೋಸೈಟುಗಳಲ್ಲೇ ಕೆಲಸ ಮಾಡುವುದರಿಂದ ಮೂಲ ಎಲ್ಲಿದೆ ಎಂದು ಹೇಳಬಹುದು.

ತೊಡಕಿರುವುದು ರೆಟ್ ಸಿಂಡ್ರೋಮಿನಲ್ಲಿ, ಅಂದರೆ ಮುಖ್ಯವಾಗಿ ಹೆಣ್ಣುಮಕ್ಕಳಲ್ಲಿ ಕಲಿತ ಮಾತು, ಕೈಬಳಕೆ ಕಳೆದುಹೋಗುವ ಮಿದುಳಿನ ರೋಗದಲ್ಲಿ. ಅದಕ್ಕೆ ಕಾರಣವೆಂದು 1999ರಲ್ಲಿ ಗುರುತಿಸಲಾದ ಎಂಇಸಿಪಿ2 ಜೀನ್ ನ್ಯೂರಾನುಗಳಲ್ಲಿಯೂ ಗ್ಲಿಯಾಗಳಲ್ಲಿಯೂ ಇದೆ. ಇಲಿಗಳಲ್ಲಿ ಈ ಜೀನನ್ನು ಆಸ್ಟ್ರೋಸೈಟುಗಳಿಂದ ಮಾತ್ರ ತೆಗೆದಾಗ ಲಕ್ಷಣಗಳು ಸೌಮ್ಯವಾಗಿರುತ್ತವೆ, ನ್ಯೂರಾನುಗಳಿಂದ ತೆಗೆದಾಗ ತೀವ್ರವಾಗುತ್ತವೆ. ಆದರೂ 2011ರ ಪ್ರಯೋಗದಲ್ಲಿ ಈ ಜೀನ್ ಇಲ್ಲದ ಇಲಿಗಳ ಆಸ್ಟ್ರೋಸೈಟುಗಳಲ್ಲಿ ಮಾತ್ರ ಅದನ್ನು ಮರಳಿಸಿದಾಗ ಉಸಿರಾಟವೂ ಚಲನೆಯೂ ಸುಧಾರಿಸಿ ಆಯುಷ್ಯ ಗಣನೀಯವಾಗಿ ಹೆಚ್ಚಿತು. ಆರೋಗ್ಯವಂತ ಮೈಕ್ರೋಗ್ಲಿಯಾ ಸೇರಿಸಿದರೆ ಇಲಿಗಳಲ್ಲಿ ರೋಗ ತಗ್ಗುತ್ತದೆ ಎಂಬ 2012ರ ಆಶಾದಾಯಕ ಫಲಿತಾಂಶವು 2015ರಲ್ಲಿ ಬೇರೆ ಪ್ರಯೋಗಾಲಯಗಳಲ್ಲಿ ಮರುಕಳಿಸಲಿಲ್ಲ ಎಂಬುದು ನನ್ನ ಹಿಂಜರಿಕೆಯನ್ನು ಇನ್ನಷ್ಟು ಹೆಚ್ಚಿಸಿದೆ.

ಮೂಲ ಪ್ರಬಂಧಗಳನ್ನು ಎರಡೆರಡು ಬಾರಿ ಓದಿದೆ, ಯಾವ ಕೋಶದಲ್ಲಿ ಜೀನ್ ತೆಗೆದರು, ಯಾವುದರಲ್ಲಿ ಮರಳಿಸಿದರು ಎಂದು ಕೋಷ್ಟಕವನ್ನೂ ಮಾಡಿದೆ. ತೆಗೆದಾಗ ಸ್ವಲ್ಪವೇ ಹಾನಿ, ಮರಳಿಸಿದಾಗ ಬಹಳ ಲಾಭ ಎಂಬ ಈ ಅಸಮತೋಲನವನ್ನು ಹೇಗೆ ಅರ್ಥೈಸಬೇಕೆಂದು ಮಾತ್ರ ತಿಳಿಯುತ್ತಿಲ್ಲ. ಆರೋಗ್ಯವಂತ ಗ್ಲಿಯಾ ಕೊಡುವ ಬೆಂಬಲದಿಂದ ದೋಷವುಳ್ಳ ನ್ಯೂರಾನುಗಳು ಚೇತರಿಸಿಕೊಳ್ಳುತ್ತವೆ ಎಂಬುದು ನನ್ನ ಊಹೆ; ಹಾಗಿದ್ದರೆ ಅದು ಚಿಕಿತ್ಸೆಯ ದಾರಿಯನ್ನು ತೋರಿಸುತ್ತದೆಯೇ ಹೊರತು ಕಾರಣವನ್ನಲ್ಲ.

ನರವಿಜ್ಞಾನ ಬಲ್ಲವರು ದಯವಿಟ್ಟು ತಿಳಿಸಿ: ಒಂದು ಬಗೆಯ ಕೋಶದಲ್ಲಿ ಜೀನ್ ಮರಳಿಸಿ ಲಕ್ಷಣ ಸುಧಾರಿಸಿದರೆ, ಆ ಕೋಶವೇ ರೋಗದ ಮೂಲ ಎಂದು ಹೇಳಲು ಅದೊಂದೇ ಸಾಕೇ? ಸಾಲದಿದ್ದರೆ, ಇನ್ನಾವ ಪ್ರಯೋಗ ಬೇಕು?