ಬಾಲಮಂದಿರದಲ್ಲಿ ನೃತ್ಯ ಕಲಿಸುವವರು ಮಕ್ಕಳ ಮನಸ್ಸಿನ ಬಗ್ಗೆ ಏನನ್ನು ಗಮನಿಸಬೇಕು?

ಪ್ರಶ್ನೆ: ಭರತನಾಟ್ಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಕಳೆದ ಜೂನ್ ತಿಂಗಳಿಂದ ನಮ್ಮ ಜಿಲ್ಲೆಯ ಬಾಲಕಿಯರ ಬಾಲಮಂದಿರವೊಂದಕ್ಕೆ ಪ್ರತಿ ಶನಿವಾರ ಹೋಗಿ ನೃತ್ಯ ಕಲಿಸುತ್ತಿದ್ದೇನೆ. ಅಲ್ಲಿರುವ ಮಕ್ಕಳಲ್ಲಿ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡವರು ಕಡಿಮೆ. ಅಪ್ಪ ಜೈಲಿನಲ್ಲಿದ್ದು ಅಮ್ಮ ಎಲ್ಲಿದ್ದಾಳೆಂದು ಗೊತ್ತಿಲ್ಲದವರು, ಬಾಲ್ಯವಿವಾಹ ತಡೆದು ಕರೆತಂದವರು, ಸಾಕುವ ಶಕ್ತಿಯಿಲ್ಲವೆಂದು ಬಂಧುಗಳೇ ತಂದು ಒಪ್ಪಿಸಿದವರು, ಹೀಗೆ ಒಬ್ಬೊಬ್ಬರದು ಒಂದೊಂದು ಕಥೆ.

ನೆಲಕ್ಕೆ ಪಾದ ತಟ್ಟುವ ಮೊದಲ ಹೆಜ್ಜೆಪಾಠವಾದ ತಟ್ಟಡವು ಶುರುವಾದರೆ ಹೆಚ್ಚಿನವರು ಉತ್ಸಾಹದಿಂದ ಕುಣಿಯುತ್ತಾರೆ. ಆದರೆ ಒಬ್ಬ ಹುಡುಗಿ ಪ್ರತಿ ವಾರವೂ ತಪ್ಪದೆ ಬಂದು ಬಾಗಿಲ ಪಕ್ಕದ ಗೋಡೆಗೆ ಒರಗಿ ಕೂರುತ್ತಾಳೆ. ಕುಣಿಯುವುದಿಲ್ಲ, ಎದ್ದು ಹೋಗುವುದೂ ಇಲ್ಲ. ಅವಳು ಅಳುವುದಿಲ್ಲ, ಹಟ ಮಾಡುವುದಿಲ್ಲ, ಆದ್ದರಿಂದ ಚೆನ್ನಾಗಿ ಹೊಂದಿಕೊಂಡಿದ್ದಾಳೆ ಎಂದು ಗೃಹಮಾತೆಯವರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸುತ್ತಿಲ್ಲ. ಇನ್ನೊಂದು ಸಂಗತಿಯೂ ಇದೆ. ಅಭಿನಯವನ್ನು ಪರಿಚಯಿಸಲು ಯಶೋದೆ ಕೃಷ್ಣನಿಗೆ ಬೆಣ್ಣೆ ತಿನ್ನಿಸುವ ಸನ್ನಿವೇಶ ಹೇಳಿಕೊಡುತ್ತಿದ್ದಾಗ ಚಿಕ್ಕವಳೊಬ್ಬಳು ಬೆಣ್ಣೆ ಹಿಡಿದ ಕೈಯನ್ನು ಅರ್ಧದಲ್ಲೇ ನಿಲ್ಲಿಸಿ ಮುಖ ತಿರುಗಿಸಿಕೊಂಡಳು. ವಾತ್ಸಲ್ಯದ ಪದಗಳನ್ನು (ಅಭಿನಯಿಸುವ ಹಾಡುಗಳನ್ನು) ಇಂತಹ ಮಕ್ಕಳಿಗೆ ಕಲಿಸಬಾರದೇ? ಈಗ ನವೆಂಬರ್ 14ರ ಮಕ್ಕಳ ದಿನಾಚರಣೆಗೆ ಒಂದು ಕಾರ್ಯಕ್ರಮ ಸಿದ್ಧಪಡಿಸಿ ಎಂದೂ ಕೇಳಿದ್ದಾರೆ. ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.

ಉತ್ತರ: ಮಕ್ಕಳ ಆಪ್ತಸಮಾಲೋಚಕಿ

ನಮಸ್ಕಾರ ಮೇಡಂ. ಗೋಡೆಯ ಪಕ್ಕದ ಹುಡುಗಿಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ನಿಮಗೆ ಅನ್ನಿಸಿದ್ದು ಸರಿಯಾಗಿದೆ. ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್‌ನಲ್ಲಿ ತಾಯಿ ಮಗುವಿನ ಬಾಂಧವ್ಯವನ್ನು ಅಧ್ಯಯನ ಮಾಡಿದ ಮನೋವೈದ್ಯ ಜಾನ್ ಬೌಲ್ಬಿಯವರ ಜೊತೆ ಕೆಲಸ ಮಾಡುತ್ತಿದ್ದ ಜೇಮ್ಸ್ ರಾಬರ್ಟ್‌ಸನ್ ಅವರು ಆಸ್ಪತ್ರೆಯಲ್ಲಿ ಎಂಟು ದಿನ ತಾಯಿಯಿಂದ ದೂರವಿದ್ದ ಎರಡು ವರ್ಷದ ಹೆಣ್ಣುಮಗುವಿನ ವರ್ತನೆಯನ್ನು ಚಿತ್ರೀಕರಿಸಿ 1952ರಲ್ಲಿ ವೈದ್ಯರ ಮುಂದಿಟ್ಟರು. ತಾಯಿಯಿಂದ ಅಗಲಿದ ಮಗು ಮೊದಲು ಅತ್ತು ಪ್ರತಿಭಟಿಸುತ್ತದೆ, ಆಮೇಲೆ ಹತಾಶೆಯಿಂದ ಮೌನವಾಗುತ್ತದೆ, ಕೊನೆಗೆ ಯಾರನ್ನೂ ಹಚ್ಚಿಕೊಳ್ಳದೆ ಮೇಲುನೋಟಕ್ಕೆ ಗೆಲುವಾಗಿ ಕಾಣುತ್ತದೆ ಎಂಬುದನ್ನು ಅವರು ಗುರುತಿಸಿದ್ದರು. ಆ ಮೌನವನ್ನೇ ನಾವು ಹೊಂದಾಣಿಕೆ ಎಂದು ತಿಳಿದುಬಿಡುತ್ತೇವೆ. ನಿಮ್ಮ ಹುಡುಗಿ ದೊಡ್ಡವಳು, ಅವಳ ಸ್ಥಿತಿ ಬೇರೆಯೇ ಇರಬಹುದು. ಆದರೂ ಅಳದ ಮಗುವಿನ ಮೇಲೆ ಹೆಚ್ಚು ಗಮನವಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅವಳು ಪ್ರತಿ ವಾರ ಬಂದು ಕೂರುತ್ತಾಳೆ ಎಂದರೆ ಆ ಕೋಣೆಯಲ್ಲಿ ಅವಳಿಗೆ ಬೇಕಾದದ್ದೇನೋ ಇದೆ.

ಅವಳನ್ನು ಕೈಹಿಡಿದು ಎಬ್ಬಿಸಬೇಡಿ, ಎಲ್ಲರ ಮುಂದೆ ಹೆಸರು ಹಿಡಿದು ಕರೆಯಲೂ ಬೇಡಿ. ಕೆಲವು ವಾರಗಳ ನಂತರ ತಾಳ ಹಾಕುವ ನಿಮ್ಮ ತಟ್ಟುಕಳಿಯನ್ನು (ಮರದ ಕೋಲು, ಮಣೆ) ಅವಳ ಪಕ್ಕದಲ್ಲಿಟ್ಟು, ಇಷ್ಟವಿದ್ದರೆ ತಾಳ ಹಾಕು ಎಂದಷ್ಟೇ ಹೇಳಿ ನಿಮ್ಮ ಪಾಠಕ್ಕೆ ಹಿಂದಿರುಗಿ. ಹಾಕಿದರೆ ಅವಳು ಕೂತಲ್ಲಿಂದಲೇ ಉಳಿದವರ ಹೆಜ್ಜೆಗಳನ್ನು ನಡೆಸಿದಂತಾಗುತ್ತದೆ. ಹಾಕದಿದ್ದರೂ ಯಾರೂ ಏನೂ ಅನ್ನಬಾರದು. ನೃತ್ಯ ಚಿಕಿತ್ಸೆಯ ಮೊದಲಿಗರಲ್ಲೊಬ್ಬರಾದ ಮೇರಿಯನ್ ಚೇಸ್ ಅವರು 1942ರಿಂದ ವಾಷಿಂಗ್ಟನ್‌ನ ಸೇಂಟ್ ಎಲಿಜಬೆತ್ಸ್ ಆಸ್ಪತ್ರೆಯಲ್ಲಿ ಮಾತು ಬಿಟ್ಟ ರೋಗಿಗಳ ಜೊತೆ ಮಾಡಿದ್ದೂ ಇಂತಹ ಕೆಲಸವೇ. ರೋಗಿ ಕಾಲನ್ನು ಅಲುಗಿಸಿದರೆ ಆ ಚಲನೆಯನ್ನೇ ತಾವೂ ಎತ್ತಿಕೊಂಡು, ಅದನ್ನು ನಿಧಾನವಾಗಿ ಇಬ್ಬರ ಕುಣಿತವಾಗಿ ಬೆಳೆಸುತ್ತಿದ್ದರು. ನೀವೂ ಅವಳ ಬೆರಳಿನ ಅಥವಾ ತಲೆಯ ಸಣ್ಣ ಚಲನೆಯೊಂದನ್ನು ನೃತ್ಯದ ಅಡವಿನೊಳಗೆ ಸೇರಿಸಿ ನೋಡಬಹುದು. ಆದರೆ ಅದು ಅವಳದೆಂದು ಎಲ್ಲರಿಗೂ ಹೇಳಬೇಡಿ.

ಒಟ್ಟಿಗೆ ಕುಣಿಯುವುದರಿಂದ ಏನಾಗುತ್ತದೆ ಎಂಬುದಕ್ಕೆ ಒಂದಿಷ್ಟು ಆಧಾರವಿದೆ. ಬ್ರೆಜಿಲ್‌ನಲ್ಲಿ 264 ಹದಿಹರೆಯದವರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದೇ ಲಯಕ್ಕೆ ಒಂದೇ ಹೆಜ್ಜೆ ಹಾಕಿದ ಗುಂಪಿನವರಿಗೆ ಪರಸ್ಪರ ಆತ್ಮೀಯತೆ ಹೆಚ್ಚಿತ್ತು, ನೋವು ತಾಳುವ ಶಕ್ತಿಯೂ ಹೆಚ್ಚಿತ್ತು. ಅವರು ಮನೆಯಿಂದ ದೂರವಾದ ಮಕ್ಕಳಲ್ಲ ಎಂಬುದನ್ನು ನೆನಪಿಟ್ಟುಕೊಂಡೇ ಇದನ್ನು ಓದಬೇಕು. ನಮ್ಮ ಮಕ್ಕಳ ವಿಷಯದಲ್ಲಿ ನಾನು ಕಣ್ಣಾರೆ ಕಂಡದ್ದೆಂದರೆ, ಯಾವಾಗ ಏನಾಗುತ್ತದೋ ಎಂದು ಸದಾ ಬಿಗಿಹಿಡಿದ ಭುಜಗಳು, ಮುಂದಿನ ಹೆಜ್ಜೆ ಯಾವುದೆಂದು ಖಚಿತವಾಗಿ ಗೊತ್ತಿರುವ ಕುಣಿತದಲ್ಲಿ ತಾವಾಗಿಯೇ ಇಳಿಯುತ್ತವೆ. ಆದ್ದರಿಂದ ತರಗತಿಯ ಮೊದಲಿಗೂ ಕೊನೆಗೂ ಮಾಡುವ ಭೂಮಿನಮಸ್ಕಾರವನ್ನು ಎಂದೂ ಬಿಡಬೇಡಿ.

ವಾತ್ಸಲ್ಯದ ಪದಗಳನ್ನು ಪೂರ್ತಿಯಾಗಿ ದೂರವಿಡಬೇಕಿಲ್ಲ. ಆದರೆ ಪಾತ್ರವನ್ನು ಮಗುವೇ ಆರಿಸಿಕೊಳ್ಳಲಿ. ಯಶೋದೆಯಾಗಲು ಒಲ್ಲದವಳು ಬೆಣ್ಣೆ ಕದಿಯುವ ಕೃಷ್ಣನಾಗಬಹುದು, ಹಸುವಾಗಬಹುದು, ನವಿಲಾಗಬಹುದು. ಕೈ ನಿಂತುಹೋದರೆ ಏಕೆ ಎಂದು ಕೇಳಬೇಡಿ. ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು, ನಂತರ ಅಲ್ಲಿನ ಆಪ್ತಸಮಾಲೋಚಕರಿಗೆ ತಿಳಿಸಿ. ಮಗುವಿನ ಹಿನ್ನೆಲೆಯನ್ನು ಕೆದಕುವುದು ನೃತ್ಯ ಶಿಕ್ಷಕರ ಕೆಲಸವಲ್ಲ.

ಉತ್ತರ: ಜನಪದ ಕಲಾವಿದ

ಅಮ್ಮಾ, ನಾನು ವೈದ್ಯಶಾಸ್ತ್ರ ಓದಿದವನಲ್ಲ. ಹಾಸ್ಟೆಲ್‌ಗಳಲ್ಲಿ, ವಸತಿಶಾಲೆಗಳಲ್ಲಿ ಮಕ್ಕಳಿಗೆ ಕೋಲಾಟ ಕಲಿಸುತ್ತಾ ಬಂದವನು. ಭರತನಾಟ್ಯದಲ್ಲಿ ಮಂಡಿ ಅರ್ಧ ಬಾಗಿಸಿ ನಿಲ್ಲುವ ಅರೆಮಂಡಿ ಸರಿಬರುವುದಕ್ಕೇ ತಿಂಗಳುಗಳು ಬೇಕು. ಯಾವಾಗ ಬೇಕಾದರೂ ಬೇರೆಡೆಗೆ ಹೋಗಬೇಕಾಗಿ ಬರುವ ಮಕ್ಕಳಿಗೆ ಮೊದಲ ದಿನವೇ ಕೈಗೆ ಹತ್ತುವ ಕುಣಿತವೂ ಒಂದಿರಲಿ ಎಂದು ನನ್ನ ಸಲಹೆ. ಕೋಲಾಟದಲ್ಲಿ ಎದುರಿನವರ ಮೈ ಮುಟ್ಟಬೇಕಾಗಿಲ್ಲ. ಕೋಲಿಗೆ ಕೋಲು ತಾಗಿದರೆ ಸಾಕು, ಇಬ್ಬರೂ ಒಂದೇ ಕ್ಷಣದಲ್ಲಿ ಒಬ್ಬರನ್ನೊಬ್ಬರು ಗಮನಿಸಿದ್ದಾರೆ ಎಂಬುದು ಆ ಸದ್ದಿನಿಂದಲೇ ತಿಳಿಯುತ್ತದೆ. ಯಾರಾದರೂ ಹತ್ತಿರ ಬಂದರೆ ಹಿಂದೆ ಸರಿಯುವ ಮಕ್ಕಳು ಕೋಲು ಹಿಡಿದಾಗ ಹತ್ತಿರ ಬರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಸ್ವಲ್ಪ ಕಲಿತ ಮೇಲೆ ಜಡೆ ಕೋಲಾಟಕ್ಕೆ ಹೋಗಿ. ಮೇಲಿನಿಂದ ಇಳಿಬಿಟ್ಟ ಬಣ್ಣದ ಹಗ್ಗಗಳನ್ನು ಒಂದು ಕೈಯಲ್ಲಿ ಹಿಡಿದು ಒಳಗೊಮ್ಮೆ ಹೊರಗೊಮ್ಮೆ ಹಾಯುತ್ತಾ ಹೋದರೆ ಜಡೆ ಹೆಣೆದುಕೊಳ್ಳುತ್ತದೆ. ಅದೇ ಹೆಜ್ಜೆಯನ್ನು ಹಿಮ್ಮುಖವಾಗಿ ಹಾಕಿದರೆ ಬಿಚ್ಚಿಕೊಳ್ಳುತ್ತದೆ. ಒಬ್ಬರು ತಪ್ಪಿದರೂ ಗಂಟು ಬೀಳುತ್ತದೆ, ಆದರೆ ತಪ್ಪಿದವರನ್ನು ಬೈದರೆ ಗಂಟು ಬಿಡುವುದಿಲ್ಲ. ಎಲ್ಲರೂ ನಿಂತು, ಯಾವ ಹಗ್ಗ ಎಲ್ಲಿ ಹಾದಿದೆ ಎಂದು ನೋಡಿ, ಜೊತೆಯಲ್ಲೇ ಹಿಂದೆ ಬರಬೇಕು. ಮಕ್ಕಳು ಇದನ್ನು ತಾವೇ ಮಾಡಲು ಬಿಡಿ, ನೀವು ಬಿಡಿಸಿಕೊಡಬೇಡಿ.

ಉತ್ತರ: ಬಾಲಮಂದಿರದ ನಿವೃತ್ತ ಅಧೀಕ್ಷಕಿ

ಕೋಲಾಟದ ಬಗ್ಗೆ ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಒಂದು ಎಚ್ಚರಿಕೆಯೊಡನೆ. ಕೋಲಿನಿಂದ ಹೊಡೆತ ತಿಂದೇ ಬೆಳೆದ ಮಕ್ಕಳು ನಮ್ಮಲ್ಲಿರುತ್ತಾರೆ. ದೊಡ್ಡವರೊಬ್ಬರು ಕೋಲುಗಳನ್ನು ಹಿಡಿದು ಒಳಗೆ ಬಂದರೆ ಸಾಕು, ಕೆಲವರ ಮುಖ ಬಿಳಿಚಿಕೊಳ್ಳುತ್ತದೆ. ಆದ್ದರಿಂದ ಕೋಲುಗಳನ್ನು ನೆಲದ ಮೇಲೆ ಹರಡಿ, ಮಕ್ಕಳೇ ಎತ್ತಿಕೊಳ್ಳಲಿ. ಬೇಡವೆಂದವರು ಚಪ್ಪಾಳೆಯಲ್ಲಿ ಆಡಲಿ.

ಮಕ್ಕಳ ದಿನಾಚರಣೆಯ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ಅತಿಥಿಗಳ ಮುಂದೆ ತಾಯಿಯಿಲ್ಲದ ದುಃಖದ ಹಾಡಿಗೆ ಈ ಮಕ್ಕಳನ್ನು ಕುಣಿಸಿ, ಸಭೆಯಲ್ಲಿ ಎಲ್ಲರೂ ಕಣ್ಣೊರೆಸಿಕೊಂಡು, ಮೊಬೈಲ್‌ನಲ್ಲಿ ವಿಡಿಯೊ ತೆಗೆದು ಹಂಚುವ ಕಾರ್ಯಕ್ರಮಗಳು ಮಕ್ಕಳಿಗೆ ಮಾಡುವ ಅನ್ಯಾಯ. ಅದು ಕಾನೂನಿಗೂ ವಿರುದ್ಧ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಮುಂತಾಗಿ ಗುರುತು ತಿಳಿಸುವ ಯಾವುದನ್ನೂ ಮಾಧ್ಯಮಗಳಲ್ಲಿ ಪ್ರಕಟಿಸುವಂತಿಲ್ಲ. ಮೀರಿದವರಿಗೆ ಆರು ತಿಂಗಳವರೆಗೆ ಸಜೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಕಾರ್ಯಕ್ರಮ ಬೇಡವೆಂದು ನಾನು ಹೇಳುತ್ತಿಲ್ಲ. ಮಕ್ಕಳಿಗೆ ವೇದಿಕೆ ಏರುವ ಆಸೆಯಿರುತ್ತದೆ, ಚಪ್ಪಾಳೆಯೂ ಅವರಿಗೆ ಸಲ್ಲಬೇಕು. ಹಾಡನ್ನು ಅವರೇ ಆರಿಸಲಿ, ಕ್ಯಾಮೆರಾ ಹೊರಗಿರಲಿ, ಕೊನೆಯ ಗಳಿಗೆಯಲ್ಲಿ ಬೇಡವೆಂದವಳಿಗೆ ಬಲವಂತ ಆಗದಿರಲಿ.

ಇಂತಹ ಮಕ್ಕಳು ಎಲ್ಲಿರಬೇಕೆಂದು ನಿರ್ಧರಿಸುವ ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಬಂದರೆ ಮಗು ಮರುದಿನವೇ ಮನೆಗೆ ಅಥವಾ ಬೇರೆ ಜಿಲ್ಲೆಗೆ ಹೋಗುತ್ತದೆ, ಆದ್ದರಿಂದ ಒಬ್ಬಳನ್ನೇ ಮಧ್ಯದಲ್ಲಿಟ್ಟು ಇಡೀ ನೃತ್ಯ ಹೆಣೆಯಬೇಡಿ. ಹೋದವಳ ಜಾಗವನ್ನು ಅಂದೇ ಇನ್ನೊಬ್ಬಳಿಗೆ ಕೊಟ್ಟುಬಿಡುವುದೂ ಸರಿಯಲ್ಲ; ಅವಳು ಹೋದಳೆಂದು ಉಳಿದವರ ಬಳಿ ಬಾಯಿಬಿಟ್ಟು ಹೇಳಿ. ಸಾಧ್ಯವಾದರೆ ಪ್ರತಿಯೊಬ್ಬರಿಗೂ ಹೆಸರು ಹೊಲಿದ ಚೀಲದಲ್ಲಿ ಗೆಜ್ಜೆಯಿರಲಿ, ಹೋಗುವಾಗ ಅದು ಅವಳ ಜೊತೆ ಹೋಗಲಿ. ಬಟ್ಟೆ, ಸೋಪು, ಹಾಸಿಗೆ ಎಲ್ಲವೂ ದಾಸ್ತಾನಿನ ಪುಸ್ತಕದಲ್ಲಿರುವ ಕಡೆ ತನ್ನದೆಂಬ ವಸ್ತು ಒಂದಿರುವುದು ಸಣ್ಣ ಸಂಗತಿಯಲ್ಲ.

ಮತ್ತೆ ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಕಾರ್ಯಕ್ರಮವನ್ನು ಬಾಲಮಂದಿರದ ಒಳಗೇ, ಮಕ್ಕಳು ಮತ್ತು ಸಿಬ್ಬಂದಿಯ ಮುಂದೆ ಮಾತ್ರ ಮಾಡೋಣವೆಂದು ಅಧೀಕ್ಷಕರ ಬಳಿ ಮಾತನಾಡುತ್ತೇನೆ. ನಾನು ಇದಕ್ಕಾಗಿ ತರಬೇತಿ ಪಡೆಯಬೇಕೇ? ನೃತ್ಯ ಈ ಮಕ್ಕಳನ್ನು ಗುಣಪಡಿಸುತ್ತದೆ ಎಂದು ಎಷ್ಟರಮಟ್ಟಿಗೆ ನಂಬಬಹುದು?

ಉತ್ತರ: ಮಕ್ಕಳ ಆಪ್ತಸಮಾಲೋಚಕಿ

ಮನೆಯ ಬದಲಿಗೆ ಇಡಬಹುದಾದದ್ದು ನೃತ್ಯವಲ್ಲ, ಬೇರೆ ಯಾವ ಚಟುವಟಿಕೆಯೂ ಅಲ್ಲ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಅನಾಥಾಲಯಗಳ 136 ಶಿಶುಗಳನ್ನು ದೀರ್ಘಕಾಲ ಗಮನಿಸಿದ ಅಧ್ಯಯನದಲ್ಲಿ, ಸಾಕು ಕುಟುಂಬಗಳಿಗೆ ಹೋದವರು, ಅದರಲ್ಲೂ ಎರಡು ವರ್ಷ ತುಂಬುವ ಮೊದಲೇ ಹೋದವರು, ಸಂಸ್ಥೆಯಲ್ಲೇ ಉಳಿದವರಿಗಿಂತ ಚೆನ್ನಾಗಿ ಬೆಳೆದರು. ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಎಂದು ನಮ್ಮ ಕಾಯ್ದೆಯೂ ಹೇಳುತ್ತದೆ. ನಿಮ್ಮ ಶನಿವಾರಗಳು ಮಗುವನ್ನು ಕುಟುಂಬಕ್ಕೆ ತಲುಪಿಸುವ ಕೆಲಸಕ್ಕೆ ಪರ್ಯಾಯವಾಗಲಾರವು. ಆ ಕೆಲಸ ಮುಗಿಯುವವರೆಗೆ ಮಗು ತನ್ನ ಮೈಯಲ್ಲಿ ತಾನು ನೆಮ್ಮದಿಯಾಗಿರಲು ನೆರವಾಗಬಲ್ಲವು. ಅದರ ಮೇಲೆ ನನಗೆ ಪೂರ್ಣ ನಂಬಿಕೆಯಿದೆ.

ತರಬೇತಿ ಖಂಡಿತ ಉಪಯೋಗಕ್ಕೆ ಬರುತ್ತದೆ. ಸೋಹಿನಿ ಚಕ್ರವರ್ತಿಯವರು 2004ರಲ್ಲಿ ಆರಂಭಿಸಿದ ಕೋಲ್ಕತ್ತ ಸಂವೇದ್ ಸಂಸ್ಥೆ, ಮಾನವ ಸಾಗಣೆಯಿಂದ ಪಾರಾದ ಹೆಣ್ಣುಮಕ್ಕಳ ಜೊತೆ ನೃತ್ಯ ಚಲನ ಚಿಕಿತ್ಸೆಯಲ್ಲಿ ತೊಡಗಿಕೊಂಡಿದೆ. ಮುಂಬಯಿಯ ಟಾಟಾ ಸಮಾಜ ವಿಜ್ಞಾನಗಳ ಸಂಸ್ಥೆಯ ಜೊತೆಗೂಡಿ ಇದೇ ವಿಷಯದಲ್ಲಿ ಡಿಪ್ಲೊಮಾ ಕೋರ್ಸನ್ನೂ ರೂಪಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ‘ಸಂವಾದ್’ ಮಕ್ಕಳ ರಕ್ಷಣೆಯ ಕ್ಷೇತ್ರದಲ್ಲಿರುವವರಿಗೆ ತರಬೇತಿ ಕೊಡುತ್ತದೆ. ನಿಮ್ಮ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅದರ ಬಗ್ಗೆ ವಿಚಾರಿಸಿ, ಗೃಹಮಾತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಲು ಅನುಮತಿ ಕೇಳಿ. ವಾರದ ಉಳಿದ ಆರು ದಿನ ಆ ಗೋಡೆಯ ಪಕ್ಕದ ಹುಡುಗಿಯ ಜೊತೆ ಇರುವವರು ಅವರೇ.