ಆಶ್ರಯ ಕೇಳಿ ಬಂದವರು ಪ್ರೊಟೆಸ್ಟ್ ಮಾಡಬಹುದಾ?

ಪ್ರಶ್ನೆ: ಬೇರೆ ದೇಶದಲ್ಲಿ ಅಸೈಲಂ ಅರ್ಜಿ ಹಾಕ್ಕೊಂಡು ಕೂತಿರೋರು ಅಲ್ಲಿನ ಸರ್ಕಾರದ ಪಾಲಿಸಿ ವಿರುದ್ಧನೇ ಬೀದಿಗಿಳಿದ್ರೆ ವಾಪಸ್ ಕಳಿಸ್ತಾರಾ? ಈ ಹಕ್ಕು ಸಿಟಿಜನ್ಸ್‌ಗೆ ಮಾತ್ರ ಅಲ್ವಾ?

ಉತ್ತರ: ಇಲ್ಲ ಗುರು. 1966ರ ಐಸಿಸಿಪಿಆರ್ ಅಂದ್ರೆ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದದ 21ನೇ ವಿಧಿ ಶಾಂತಿಯುತವಾಗಿ ಸಭೆ ಸೇರೋ ಹಕ್ಕನ್ನ ನಾಗರಿಕರಿಗೆ ಮಾತ್ರ ಅಂತ ಹೇಳಿಲ್ಲ, 2020ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಸಮಿತಿ ಆಶ್ರಯ ಕೇಳೋರಿಗೂ ಇದು ಇದೆ ಅಂತ ಬಿಡಿಸಿ ಹೇಳ್ತು. ಆ ದೇಶ ಒಪ್ಪಂದಕ್ಕೆ ಸೇರಿರ್ಬೇಕು ಅಷ್ಟೇ.

ಉತ್ತರ: ಪೇಪರ್ ಮೇಲೆ ಸರಿ. ಅರ್ಜಿ ಆ ಸರ್ಕಾರದ ಕೈಲಿರುವಾಗ ಯಾರ್ರೀ ಬೋರ್ಡ್ ಹಿಡೀತಾರೆ?

ಉತ್ತರ: ಭಯ ನಿಜ. ಆದ್ರೆ 1951ರ ನಿರಾಶ್ರಿತರ ಒಪ್ಪಂದದ 33ನೇ ವಿಧಿ ಪ್ರಕಾರ ಜೀವಕ್ಕೆ ಅಪಾಯ ಇರೋ ಕಡೆಗೆ ವಾಪಸ್ ತಳ್ಳೋ ಹಾಗಿಲ್ಲ. ದೇಶದ ಭದ್ರತೆ, ಗಂಭೀರ ಅಪರಾಧ ಅಂದ್ರೆ ಬೇರೆ ಮಾತು, ಬರೀ ಘೋಷಣೆ ಕೂಗಿದ್ದನ್ನ ಅದಕ್ಕೆ ಸೇರಿಸೋದು ಕಷ್ಟ.